ಹನ್ನೆರಡು ವೋಲ್ಟ್

ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೂ ಗೌರೀಶನಿಗೆ ನಗು ನಿಲ್ಲಲಿಲ್ಲ. ನೆಲದ ಮೇಲೆ ಅಂಗಾತ ಬಿದ್ದಿದ್ದ. ಕಾಲ ಬಳಿ ಸ್ಟೂಲು ಉರುಳಿತ್ತು. ಸುತ್ತಮುತ್ತ ಹೆಂಡತಿ ಮೀನಾಳ ದಾರದ ರೀಲುಗಳು ಚೆಲ್ಲಾಪಿಲ್ಲಿಯಾಗಿದ್ದವು. ಅದರಲ್ಲೊಂದು ಗುಲಾಬಿ ರೀಲು ತನಗೂ ಈ ಮನೆಗೂ ಸಂಬಂಧವೇ ಇಲ್ಲವೆಂಬಂತೆ ದಾರ ಬಿಚ್ಚುತ್ತ ಹೊಸ್ತಿಲ ಕಡೆ ಹೊರಟಿತ್ತು. ಮೇಜಿನ ಮೇಲೆ ಪಕ್ಕೆಯ ತಗಡು ಬಿಚ್ಚಿಸಿಕೊಂಡು ಕೂತಿದ್ದ ಕಂಪ್ಯೂಟರಿನ ಡಬ್ಬಿಯಿಂದ ಊದಿನಕಡ್ಡಿಯದರ ಹಾಗೆ ಒಂದೇ ಒಂದು ಎಳೆ ಹೊಗೆ ಎದ್ದು, ಜಂತಿಯವರೆಗೆ ಹೋಗಿ, ಚದುರಿತು. ಹೋಯಿತು, ಎಂದುಕೊಂಡ. ಹಾಗೆ ಅಂದುಕೊಂಡದ್ದೇ ತಡ, ಹೊಟ್ಟೆಯ ಆಳದಿಂದ ನಗು ಉಕ್ಕಿ ಬಂತು. ಬಾಯಿ ಮುಚ್ಚಿ ತಡೆದರೆ ಮೂಗಿನಿಂದ ಬಂತು. ಬೈಲಹೊಂಗಲದ ಪಿಯು ಕಾಲೇಜಿನಲ್ಲಿ ವರ್ಷಗಟ್ಟಲೆ ಭೌತಶಾಸ್ತ್ರ ಕಲಿಸಿದ ಮನುಷ್ಯ, ಶಾರ್ಟ್ ಸರ್ಕ್ಯೂಟ್ ಎಂದರೇನು ಎಂಬ ಪ್ರಶ್ನೆಗೆ ಕಣ್ಣು ಮುಚ್ಚಿಕೊಂಡು ಉತ್ತರ ಬರೆಸುವವ, ರವಿವಾರ ಬೆಳಿಗ್ಗೆ ತನ್ನ ಮನೆಯಲ್ಲೇ, ತನ್ನ ಕೊರಳಲ್ಲಿದ್ದ ಲಿಂಗದ ಕರಡಿಗೆಯಿಂದಲೇ, ಹೆಂಡತಿಯ ಕಂಪ್ಯೂಟರನ್ನು ಸುಟ್ಟುಹಾಕಿದ್ದ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಅನ್ನುತ್ತಾರಲ್ಲ, ಇಲ್ಲಿ ಅವರಪ್ಪನೇ ಬಂದು ಕೆಲಸ ಮುಗಿಸಿಬಿಟ್ಟಿದ್ದ!

ಉಳಿದ ದಿನ ಹೀಗಾಗುತ್ತಿರಲಿಲ್ಲ. ಉಳಿದ ದಿನ ಅವನು ಜಳಕ ಮಾಡಿ, ಪೂಜೆ ಮಾಡಿ, ಅಂಗಿ ತೊಟ್ಟು ಗುಂಡಿ ಹಾಕಿಕೊಂಡರೆ ಕರಡಿಗೆ ಅಂಗಿಯೊಳಗೆ ತನ್ನ ಪಾಡಿಗೆ ತಾನಿರುತ್ತಿತ್ತು. ಇವತ್ತು ರಜೆ, ಮೇಲಾಗಿ ಬೇಸಿಗೆ, ಬರೀ ಬನಿಯನ್ನಿನಲ್ಲೇ ಕೆಲಸಕ್ಕೆ ಕೂತಿದ್ದ. ಕಂಪ್ಯೂಟರು ತಂಪಾಗಿರಲೆಂದು ಕೊಂಡು ತಂದ ಹೊಸ ಪುಟ್ಟ ಫ್ಯಾನಿನ ಪ್ಲಗ್ಗು ಡಬ್ಬಿಯೊಳಗಿನ ಯಾವ ಪ್ಲಗ್ಗಿಗೂ ಕೂಡಲಿಲ್ಲ. ಕೂಡದಿದ್ದರೇನಾಯಿತು, ತಂತಿ ತಂತಿಯೇ ತಾನೆ ಎಂದು ಬ್ಲೇಡಿನಿಂದ ಸಿಪ್ಪೆ ಸುಲಿದ. ಡಬ್ಬಿಯ ಕೆಂಪು ತಂತಿಯಲ್ಲಿ ಐದು ವೋಲ್ಟ್, ಹಳದಿಯಲ್ಲಿ ಹನ್ನೆರಡು. ಕೆಂಪಿಗೆ ಹಚ್ಚಿದಾಗ ಫ್ಯಾನು ಸೋಮಾರಿ ಎತ್ತಿನ ಹಾಗೆ ತಿರುಗಿತು. ಹಳದಿಗೆ ಹಚ್ಚಿದ, ಭರ್ರೆಂದಿತು. ಅಬ್ಬಾ, ಆ ಸದ್ದು! ಟೇಪು ಸುತ್ತುವುದನ್ನು ಆಮೇಲೆ ನೋಡಿಕೊಂಡರಾಯಿತು ಎಂದು, ಎರಡೂ ತಂತಿಗಳ ಬತ್ತಲೆ ತುದಿಗಳನ್ನು ಹಾಗೇ ಬಿಟ್ಟು, ತಿರುಗುವ ಫ್ಯಾನಿನ ಗಾಳಿಗೆ ಮುಖವೊಡ್ಡಿ ಬಗ್ಗಿದ. ತಂಪು ಗಾಳಿ ಕೆನ್ನೆಗೆ ಬಡಿದ ಆ ಕ್ಷಣ ಅವನಿಗೆ ಮದುವೆಯಾದ ಹೊಸದರಲ್ಲಿ ಕೂಡ ಆಗದಷ್ಟು ಸಂತೋಷವಾಯಿತು. ಅದೇ ಹೊತ್ತಿಗೆ ಶಿವದಾರದಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆ ಬನಿಯನ್ನಿನಿಂದ ಹೊರಗೆ ಜಾರಿ, ಒಮ್ಮೆ ಆ ಕಡೆ ತೂಗಿ, ಈ ಕಡೆ ಬಂದು, ಹಳದಿ ಕೆಂಪು ಎರಡರ ಮೇಲೂ ಅಡ್ಡಡ್ಡ ಕೂತುಬಿಟ್ಟಿತು. ಚಟ್ ಎಂದಿತು. ನೀಲಿ ಕಿಡಿ. ಐದರ ದಾರಿಯಲ್ಲಿ ಹನ್ನೆರಡು ನುಗ್ಗಿತು. ಬೆಳ್ಳಿಯಷ್ಟು ಸಲೀಸಾಗಿ ಕರೆಂಟು ಹರಿಸುವ ಲೋಹ ಇನ್ನೊಂದಿಲ್ಲ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆಯುವವನೂ ಇವನೇ.

ಇದೆಲ್ಲ ಶುರುವಾದದ್ದು ಒಂದು ರಟ್ಟಿನ ತುಂಡಿನಿಂದ. ಮಧ್ಯಾಹ್ನದ ಧಗೆಗೆ ಆ ಡಬ್ಬಿ ಕಾದು ಕೆಂಡವಾಗಿ ಮೀನಾಳ ಕೆಲಸ ನಡುವೆಯೇ ನಿಂತುಹೋಗುತ್ತಿತ್ತು. ಆಗ ಅವಳು ಸೀರೆಪೆಟ್ಟಿಗೆಯ ರಟ್ಟನ್ನು ಹಿಡಿದು, ಬಲಗೈಯಲ್ಲಿ ಮೌಸು, ಎಡಗೈಯಲ್ಲಿ ರಟ್ಟು, ಡಬ್ಬಿಗೆ ಗಾಳಿ ಹಾಕುತ್ತ ಕೂಡುತ್ತಿದ್ದಳು. ಜ್ವರ ಬಂದ ಕೂಸಿಗೆ ಹಾಕಿದ ಹಾಗೆ. ಬಾಗಿಲಲ್ಲಿ ನಿಂತು ಗೌರೀಶ ಅದನ್ನು ನೋಡುತ್ತಿದ್ದ. ತನಗೆ ಆಕೆ ಯಾವತ್ತಾದರೂ ಹಾಗೆ ಗಾಳಿ ಹಾಕಿದ್ದುಂಟೇ ಎಂದು ನೆನಪಿಸಿಕೊಳ್ಳಲು ನೋಡಿದ. ಛೀ, ತಗಡಿನ ಡಬ್ಬಿಯ ಮೇಲೆ ಹೊಟ್ಟೆಕಿಚ್ಚೇ ಎಂದು ತನ್ನನ್ನು ತಾನೇ ಬೈದುಕೊಂಡು ನಕ್ಕ. ಆದರೆ ಡಬ್ಬಿಯೊಳಗೆ ಇದ್ದದ್ದೇನು ಕಡಿಮೆಯೇ? ಕಸೂತಿಯ ಗೋಪುರ, ತುಳಸಿಕಟ್ಟೆ, ನವಿಲು, ಬಾತುಕೋಳಿ, ಎಲ್ಲವನ್ನೂ ಮೀನಾ ಒಂದೊಂದು ಚುಕ್ಕೆಯಾಗಿ ಅದರಲ್ಲಿ ಕೂರಿಸಿದ್ದಳು. ಕಸೂತಿ ಹಾಕುವ ಯಂತ್ರ ಅದನ್ನು ಓದಿಕೊಂಡು ಕುಪ್ಪಸದ ತೋಳಿನ ಮೇಲೆ ತಟತಟ ಹೊಲಿಯುತ್ತಿತ್ತು. ಚಚಡಿ ಊರಿನ ಹಳೆಯ ವಾಡೆಯ ಮನೆಯಲ್ಲಿ ಯಾವುದೋ ಪೆಟ್ಟಿಗೆಯ ತಳದಲ್ಲಿದ್ದ ಕೂಸಿನ ಕುಂಚಿಗೆಯ ಮೇಲಿನ ಆನೆಯ ಫೋಟೋ ತಂದು, ಅದರ ಸೊಂಡಿಲು ಯಂತ್ರದ ಸೂಜಿಗೆ ಒಗ್ಗುವಂತೆ ಹೇಗೆ ಬಾಗಬೇಕೆಂದು ಊಟ ಬಿಟ್ಟು ಕೂತಿದ್ದಳು. ಇದಕ್ಕೆಲ್ಲ ಒಂದು ನಕಲು ಬೇರೆ ಕಡೆ ತೆಗೆದಿಡಬೇಕೆಂದು ಹೇಳಿದವನು ಗೌರೀಶ. ತೆಗೆದಿಡುತ್ತೇನೆ, ಅದು ನನ್ನ ಕೆಲಸ, ನೀನು ಕೈ ಹಚ್ಚಬೇಡ ಎಂದವನೂ ಅವನೇ. ಮುಂದಿನ ರವಿವಾರ, ಅದರ ಮುಂದಿನ ರವಿವಾರ ಎಂದು ದೂಡುತ್ತ ಬಂದವನೂ ಬೇರೆ ಯಾರಲ್ಲ. ಇವತ್ತು ಮೀನಾ ಹೂಲಿಗೆ ಚಿಕ್ಕಪ್ಪನ ಬಸುರಿ ಮಗಳ ಕುಬಸಕ್ಕೆ ಹೋಗಿದ್ದಳು. ಬರುವಷ್ಟರಲ್ಲಿ ಮೊದಲು ಫ್ಯಾನು, ಆಮೇಲೆ ನಕಲು, ಎರಡನ್ನೂ ಮುಗಿಸಿ, ಏನೂ ಆಗಿಲ್ಲದವನ ಹಾಗೆ ಪೇಪರು ಓದುತ್ತ ಕೂಡಬೇಕು ಎಂದು ಎಣಿಸಿದ್ದ. ಆಕೆ ಬಂದು ಡಬ್ಬಿ ಮುಟ್ಟಿ, ಇದೇನು ಇಷ್ಟು ತಣ್ಣಗೈತಿ ಅನ್ನಬೇಕು. ಇವನು ತಲೆ ಎತ್ತದೆ, ಹೌದೇನು ಅನ್ನಬೇಕು. ಅಷ್ಟೇ ಅವನ ಆಸೆ. ಈಗ ಡಬ್ಬಿ ನಿಜಕ್ಕೂ ತಣ್ಣಗಾಗಿತ್ತು. ಅದು ನೆನಪಾಗಿ ಮತ್ತೆ ನಗು ಬಂತು.

"ಯವ್ವಾ!" ಎಂದು ತಾನು ಬೀಳುವಾಗ ಕೂಗಿದ್ದು ಅವನಿಗೆ ಗೊತ್ತೇ ಇರಲಿಲ್ಲ. ರೊಟ್ಟಿ ಬಡಿಯುತ್ತಿದ್ದ ತಾಯಿ ಚನ್ನವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. ನೆಲಕ್ಕೆ ಬಿದ್ದ ಮಗ, ಹೊಗೆ, ಎದೆಯ ಮೇಲೆ ಕಪ್ಪು ಚುಕ್ಕೆ ಬಿದ್ದ ಬೆಳ್ಳಿಯ ಕರಡಿಗೆ, ಮತ್ತು ಮಗನ ಮುಖದ ತುಂಬ ನಗು.

"ಅಯ್ಯ ನನ್ನ ಬಂಗಾರಾ! ಯಾಕೋ ತಮ್ಮಾ, ಯಾಕ ಬಿದ್ದಿ? ಕರೆಂಟ್ ಹೊಡಿತೇನೋ?"

"ಏನಿಲ್ಲಬೇ ಯವ್ವಾ," ಎನ್ನಲು ಹೋದ. 'ಏನಿಲ್ಲ' ಎನ್ನುವಷ್ಟರಲ್ಲಿ ನಗು ಅಡ್ಡ ಬಂತು. ಬಾಯಿ ತೆರೆದರೆ ಹಿಹಿಹಿ. ಚನ್ನವ್ವನ ಕಣ್ಣು ದೊಡ್ಡವಾದವು. ಗೋಡೆಯ ಕಡೆ ತಿರುಗಿ, ಓಣಿಯೇ ನಡುಗುವ ಹಾಗೆ, "ಗುರುಬಸವ್ವಾ! ಲಗೂನ ಬಾರವಾ! ನನ್ನ ಮಗಗ ಕರೆಂಟ್ ಹೊಡದು ಹುಚ್ಚು ನಗಿ ಹತ್ತೇತಿ!" ಎಂದು ಒದರಿದಳು. ಮಗ್ಗುಲ ಮನೆಯ ಗುರುಬಸವ್ವ ಕೈಯಲ್ಲೊಂದು ಉಳ್ಳಾಗಡ್ಡಿ ಹಿಡಿದೇ ಬಂದಳು. ಹೆಚ್ಚುತ್ತಿದ್ದಳೋ, ಇದಕ್ಕೆಂದೇ ತಂದಳೋ ತಿಳಿಯದು. ಬಂದವಳೇ ಅವನ ಪಾದ ಹಿಡಿದು ಅಂಗಾಲಿಗೆ ತಿಕ್ಕತೊಡಗಿದಳು. ಕರೆಂಟ್ ಕಾಲಿನಿಂದ ಇಳಿಯಬೇಕಂತೆ. ಅಂಗಾಲಿಗೆ ಯಾರಾದರೂ ಕೈ ಹಚ್ಚಿದರೆ ಸಣ್ಣವನಿದ್ದಾಗಿನಿಂದ ಅವನಿಗೆ ಆಗದು. ಒದ್ದಾಡಿ ನಕ್ಕ. ಕಣ್ಣೀರು ಬರುವ ಹಾಗೆ ನಕ್ಕ. "ನೋಡ್ರಿ, ನೋಡ್ರಿ, ಹೆಚ್ಚಾಕತ್ತೇತಿ!" ಎಂದು ಚನ್ನವ್ವ ಎದೆ ಬಡಿದುಕೊಂಡಳು. ಗುರುಬಸವ್ವ ಇನ್ನೂ ಜೋರಾಗಿ ತಿಕ್ಕಿದಳು.

"ಹನ್ನೆರಡು ವೋಲ್ಟ್ ಬೇ," ಎಂದು ಉಸಿರು ಹಿಡಿದು ಹೇಳಿದ. "ಹನ್ನೆರಡ ವೋಲ್ಟ್. ಅದರಾಗ ಇಲಿ ಸುದ್ದಾ ಸಾಯೂದಿಲ್ಲ."

"ಲೆಕ್ಕಾ ಹೇಳಾಕತ್ತಾನವಾ," ಎಂದು ಚನ್ನವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಪಾಪ, ಕಾಲೇಜು ನೆನಪಾಗೇತಿ ಅವಗ."

ಅಷ್ಟರಲ್ಲಿ ದುಂಡಪ್ಪ ಬಂದ. ಓಣಿಯ ತುದಿಯ ದುಂಡಪ್ಪ ಲೈನ್‌ಮನ್ ಆಗಿ ಕಂಬ ಹತ್ತಿ ಹತ್ತಿ ರಿಟೈರ್ ಆದವನು. ಆದ ಮೇಲೆ ಯಾರ ಮನೆಯ ಬಲ್ಬು ಹೋದರೂ ಕರೆಯದೆ ಬರುವವನು. ಬಂದವನು ಸುಟ್ಟ ಡಬ್ಬಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಗೌರೀಶನ ರೆಪ್ಪೆ ಬಿಡಿಸಿ ಕಣ್ಣು ನೋಡಿದ, ನಾಲಿಗೆ ಹೊರಗೆ ಹಾಕಿಸಿದ, ನಾಡಿ ಹಿಡಿದ. "ಮಾಸ್ತರ, ನಿಮ್ಮ ಹೆಸರೇನ್ರಿ?" ಎಂದು ಕೇಳಿದ. ಗೌರೀಶನಿಗೆ ತನ್ನ ಹೆಸರು ಇದ್ದಕ್ಕಿದ್ದಂತೆ ಎಂಥ ತಮಾಷೆಯ ಹೆಸರು ಅನ್ನಿಸಿ, ಹೇಳಲಾಗದೆ ಮತ್ತೆ ಹೊಟ್ಟೆ ಹಿಡಿದುಕೊಂಡ. ದುಂಡಪ್ಪ ಗಂಭೀರವಾಗಿ ತಲೆದೂಗಿದ.

"ಕರೆಂಟ್ ಹೊಡದವ್ರು ಮೂರು ನಮೂನಿ ಇರತಾರ್ರಿ ಚನ್ನಕ್ಕ. ಒಬ್ಬಾಂವ ಒದರತಾನ, ಒಬ್ಬಾಂವ ಸಾಯತಾನ, ಒಬ್ಬಾಂವ ನಗತಾನ. ಈ ನಗಾಂವ ಭಾಳ ಡೇಂಜರ್." ಆಮೇಲೆ ಅವನ ಕಣ್ಣು ಕರಡಿಗೆಯ ಮೇಲೆ ಬಿತ್ತು. ಮೂಗು ತಾಗುವಷ್ಟು ಹತ್ತಿರ ಬಗ್ಗಿ ಆ ಕಪ್ಪು ಚುಕ್ಕೆಯನ್ನು ನೋಡಿದ. ನೋಡಿ, ಕಾಲಿನ ಚಪ್ಪಲಿ ಹೊರಗೆ ಬಿಟ್ಟುಬಂದು, ಮತ್ತೆ ಬಗ್ಗಿ ಕೈ ಮುಗಿದ. "ಲಿಂಗಪ್ಪ ತನ್ನ ಮ್ಯಾಲ ತಗೊಂಡಾನ್ರೀ! ಅಂವ ನಡುವ ಬರಲಿಲ್ಲಂದ್ರ ಮಾಸ್ತರು ಈಗ ಇರ್ತಿದ್ದಿಲ್ಲ."

ಮುಗಿಯಿತು. ಆ ಮಾತು ದುಂಡಪ್ಪನ ಬಾಯಿಂದ ಹೊರಬಿದ್ದು ಅಂಗಳ ದಾಟುವಷ್ಟರಲ್ಲಿ ಅದಕ್ಕೆ ಕಾಲು ಬಂದವು, ಓಣಿ ದಾಟುವಷ್ಟರಲ್ಲಿ ರೆಕ್ಕೆ ಬಂದವು. ಗೌರೀಶನನ್ನು ಎತ್ತಿ ಕಾಟಿನ ಮೇಲೆ ಮಲಗಿಸಿದರು, ಆ ಧಗೆಯಲ್ಲೂ ಎದೆಯಿಂದ ಕೆಳಗೆ ಕಂಬಳಿ ಹೊದಿಸಿದರು. ಕರಡಿಗೆ ಮೈಯಿಂದ ತೆಗೆಯಬಾರದು, ಹಾಗಾಗಿ ನೋಡಲು ಬಂದವರೆಲ್ಲ ಅವನ ಎದೆಯ ಮೇಲೇ ಬಗ್ಗಿ ನೋಡಬೇಕಾಯಿತು. ಬಾಳೆಹಣ್ಣು ಬಂದವು, ಬಿಸ್ಕಿಟ್ ಪುಡಕೆಗಳು ಬಂದವು, ಎಳನೀರು ಬಂತು. ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಂದು ಬಗ್ಗಿ, ಕರಡಿಗೆಯನ್ನು ಬೆರಳಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಕಾಲೇಜಿನಲ್ಲಿ ಅವನನ್ನು ಕಂಡರೆ ದಾರಿ ಬದಲಿಸುವ ಹುಡುಗರ ತಾಯಂದಿರು ಅವನ ಎದೆಗೆ ಕೈ ಮುಗಿಯುವಾಗ ಅವನು ಜಂತಿ ನೋಡುತ್ತ, ಒಳಗೆಲ್ಲ ನಗು ಕುದಿಯುತ್ತ, ಹೊಟ್ಟೆ ಅಲುಗದ ಹಾಗೆ ಉಸಿರು ಹಿಡಿದು ಮಲಗಿದ. ಒಮ್ಮೆ ಪ್ರಯೋಗಶಾಲೆಯಲ್ಲಿ ಅರ್ಧ ಗಂಟೆ ಒದ್ದಾಡಿದರೂ ಮೀಟರಿನ ಮುಳ್ಳು ಅಲ್ಲಾಡದೆ, ಯಂತ್ರ ಕೆಟ್ಟಿದೆ, ಸರಕಾರ ಕೆಟ್ಟಿದೆ ಎಂದು ಬೈಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಸರ, ಸ್ವಿಚ್ ಹಾಕಿಲ್ರಿ, ಎಂದಿದ್ದಳು. ಇಡೀ ವರ್ಗ ಗೊಳ್ಳೆಂದಿತ್ತು. ಆ ಹುಡುಗಿಯ ತಾಯಿಯೂ ಈಗ ಬಂದು ಬಗ್ಗಿದ್ದಳು. ಸ್ವಿಚ್ ಹಾಕಿದರೆ ಹೀಗಾಗುತ್ತದೆ ನೋಡವ್ವಾ, ಎಂದು ಮನಸ್ಸಿನಲ್ಲೇ ಹೇಳಿದ.

ಹೇಳಬೇಕಿತ್ತು. ಎದ್ದು ಕೂತು, ಎಲ್ಲರೂ ಕೇಳ್ರಿ, ಹನ್ನೆರಡು ವೋಲ್ಟಿಗೆ ಮನುಷ್ಯನ ಚರ್ಮಕ್ಕೆ ಚುರ್ ಅಂತಲೂ ಆಗುವುದಿಲ್ಲ, ನಾನು ಬಿದ್ದದ್ದು ಕಿಡಿಗೆ ಬೆಚ್ಚಿ, ಹೋದದ್ದು ನನ್ನ ಹೆಂಡತಿಯ ದುಡಿಮೆ, ಎನ್ನಬೇಕಿತ್ತು. ಮೊದಲು ನಗುವಿನಿಂದಾಗಿ ಹೇಳಲಾಗಲಿಲ್ಲ. ಆಮೇಲೆ ನಗು ಇಳಿದಾಗ ಹೇಳಲು ಮನಸ್ಸಾಗಲಿಲ್ಲ. ಸುಳ್ಳೇಕೆ, ಅವನಿಗೆ ಸುಖವಾಗುತ್ತಿತ್ತು. ಕಿತ್ತೂರಿನ ಕಲ್ಯಾಣಮಂಟಪದಲ್ಲಿ ಹೋದ ವರ್ಷ ಯಾರೋ ಒಬ್ಬಾಕೆ, ಇವ್ರ್ಯಾರ್ರಿ ಎಂದು ಇವನ ಕಡೆ ಗದ್ದ ಎತ್ತಿ ಕೇಳಿದಾಗ, ಇನ್ನೊಬ್ಬಾಕೆ, ಇವ್ರಾ? ಡಿಸೈನ್ ಮೀನಾ ಅವರ ಯಜಮಾನ್ರು, ಎಂದಿದ್ದಳು. ಆಗ ಅವನ ಕೈಯಲ್ಲಿ ಮೀನಾಳ ಚೀಲವಿತ್ತು, ಚೀಲದಲ್ಲಿ ಮದುಮಗಳ ಕುಪ್ಪಸವಿತ್ತು. ಅವನು ಹಲ್ಲು ಕಿರಿದಿದ್ದ. ಹಲ್ಲು ಕಿರಿದದ್ದು ಸಾಲದೆಂದು ಚೀಲವನ್ನು ಸ್ವಲ್ಪ ಎತ್ತಿ ತೋರಿಸಿಯೂ ಇದ್ದ. ಆ ರಾತ್ರಿ ಮನೆಗೆ ಬಂದು ಮೀನಾಳಿಗೆ ಅದನ್ನು ತಮಾಷೆಯಾಗಿ ಹೇಳಿದ, ಆಕೆಯೂ ನಕ್ಕಳು, ಇಬ್ಬರೂ ನಕ್ಕರು, ಆದರೆ ಅವನ ನಗು ಎಲ್ಲೋ ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನ ಹಾಗೆ ಉಳಿದಿತ್ತು. ಮೀನು ತಿನ್ನದವನಿಗೆ ಮೀನಿನ ಮುಳ್ಳಿನ ಪರಿಚಯ ಎಲ್ಲಿಂದ ಬಂತೋ! ಈಗ ಮಾತ್ರ ಇಡೀ ಓಣಿಗೆ ಅವನೇ ಮಾಸ್ತರ, ಅವನೇ ಬದುಕಿ ಬಂದವ. ಡಬ್ಬಿ ಮೂಲೆಯಲ್ಲಿ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು, ಅದರ ಮೇಲೆ ಯಾರೋ ಬಾಳೆಹಣ್ಣಿನ ಚಿಪ್ಪು ಇಟ್ಟಿದ್ದರು. ಗೌರೀಶ ಅದನ್ನು ಓರೆಗಣ್ಣಿನಿಂದ ನೋಡಿದ. ಆಗ ಒಂದು ಮಾತು ಕಂಬಳಿಯೊಳಗೆ ತಣ್ಣಗೆ ಹೊಕ್ಕಂತಾಯಿತು. ಕಿಡಿ ಹಾರಿದ ಮೇಲೆ, ಬಿದ್ದ ಮೇಲೆ, ತಾನು ನಕ್ಕದ್ದು ಸರಿ. ಆದರೆ ಹಾರುವಾಗಲೇ, ಚಟ್ ಎಂದ ಆ ಕ್ಷಣದಲ್ಲೇ, ಈ ಡಬ್ಬಿ ಹೋಗಲಿ ಎಂಬಂಥದ್ದೇನೋ ಒಳಗೆ ಕುಣಿಯಿತಲ್ಲ, ಅದು ಯಾರದು? ಕರಡಿಗೆ ತಾನಾಗಿ ಜಾರಿತು, ಅದು ಖರೆ. ಕೈ ಅಡ್ಡ ಹಿಡಿಯಲು ಹೊತ್ತಿತ್ತೇ? ಇರಲಿಲ್ಲ. ಇರಲಿಲ್ಲವೇ? ಅವನು ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಬೆಳಗಿನಿಂದ ಮೊದಲ ಬಾರಿ ಹೆದರಿಕೆಯಾಯಿತು. ಅಷ್ಟರಲ್ಲಿ ಇನ್ನೊಬ್ಬಾಕೆ ಬಂದು ಎದೆಗೆ ಬಗ್ಗಿದಳು.

ಮೀನಾಳಿಗೆ ಫೋನ್ ಮಾಡಿದ್ದು ಗುರುಬಸವ್ವ. ಮಾಡಿ ಬಂದ ಮೇಲೆ ಹೇಳಿದಳು: "ಮನಿಯವ್ರಿಗೆ ಕರೆಂಟ್ ಹೊಡದೈತಿ, ಜೀವ ಐತಿ, ಲಗೂನ ಬಾ ಅಂತ ಹೇಳೇನ್ರಿ. ಕುಬಸಾ ಅರ್ಧಕ್ಕ ಬಿಟ್ಟು ಟಂಟಂ ಹತ್ತಿದ್ಲಂತ ಸವದತ್ತಿಗೆ. ಭಾಳ ಅಳಾಕತ್ತಿದ್ಲು."

ಗೌರೀಶ ಧಡಕ್ಕನೆ ಎದ್ದು ಕೂತ. "ನನ್ನ ಫೋನ್ ಕೊಡಬೇ ಯವ್ವಾ."

"ಮುಟ್ಟಬ್ಯಾಡ!" ಎಂದಳು ಚನ್ನವ್ವ. ಅವನ ಫೋನನ್ನು ಅವಳು ಮೊದಲೇ ಒಂದು ಒಣ ವಸ್ತ್ರದಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಟ್ಟಿದ್ದಳು. "ಅದರಾಗೂ ಕರೆಂಟ್ ಇರತೈತಿ."

ನಗು ಮತ್ತೆ ಬಂತು, ಅವನನ್ನು ಮತ್ತೆ ಮಲಗಿಸಿದರು. ಆದರೆ ಮಂದಿ ಒಂದಿಷ್ಟು ತೆಳುವಾಗಿ, ತಾಯಿ ಮಜ್ಜಿಗೆ ತರಲು ಒಳಗೆ ಹೋದಾಗ ಅವನೇ ಎದ್ದು ಗೂಡಿನಿಂದ ಫೋನ್ ತೆಗೆದುಕೊಂಡ. ಕಂಬಳಿಯೊಳಗೆ ವಸ್ತ್ರ ಬಿಚ್ಚಿದ. ಬಿಚ್ಚುವುದೇ ತಡ, ಅದು ಕೈಯಲ್ಲೇ ಗುರ್ರೆಂದು ಬಾರಿಸತೊಡಗಿತು. ಪರದೆಯ ಮೇಲೆ ಮೀನಾ ಎಂಬ ಎರಡಕ್ಷರ, ಜೊತೆಗೆ ಆಕೆ ತಾನೇ ಹಾಕಿಕೊಂಡಿದ್ದ ಕಸೂತಿ ನವಿಲಿನ ಚಿತ್ರ. ಎತ್ತಬೇಕು. ಎತ್ತಿ, ಏ ಹುಚ್ಚಿ, ನನಗೇನೂ ಆಗಿಲ್ಲ, ಹನ್ನೆರಡು ವೋಲ್ಟ್ ಅಷ್ಟ, ಎಂದರೆ ಮುಗಿಯಿತು; ಆಕೆ ಬಸ್ಸಿನಲ್ಲಿ ಕಣ್ಣೊರೆಸಿಕೊಂಡು, ಸೀಟಿಗೆ ಒರಗಿ, ಉಸಿರು ಬಿಡುತ್ತಾಳೆ. ಉಸಿರು ಬಿಟ್ಟಾದ ಮೇಲೆ ಕೇಳುತ್ತಾಳೆ, ಕಂಪ್ಯೂಟರ್ ಏನಾತ್ರಿ, ಎಂದು. ಅಥವಾ ಉಸಿರು ಬಿಡುವ ಮೊದಲೇ ಕೇಳುತ್ತಾಳೋ? ಅಥವಾ ಇವನು ಹಲೋ ಅನ್ನುವುದರೊಳಗೇ? ಫೋನ್ ಬಾರಿಸುತ್ತಲೇ ಇತ್ತು. ಆಕೆ ಮೊದಲು ಯಾವುದನ್ನು ಕೇಳುತ್ತಾಳೆ ಎಂದು ತಿಳಿಯುವ ಧೈರ್ಯ ಅವನಿಗೆ ಸಾಲಲಿಲ್ಲ. ಮತ್ತು, ಇದನ್ನು ಹೇಗೆ ಹೇಳುವುದು, ಎತ್ತದಿದ್ದರೆ ಆಕೆ ಹೇಗೆ ಬರುತ್ತಾಳೆ ಎಂದು ನೋಡುವ ಆಸೆಯಾಯಿತು. ಓಡಿ ಬರುತ್ತಾಳೋ, ನಡೆದು ಬರುತ್ತಾಳೋ. ಮೊದಲು ಕಾಟಿನ ಕಡೆ ತಿರುಗುತ್ತಾಳೋ, ಮೇಜಿನ ಕಡೆ ತಿರುಗುತ್ತಾಳೋ. ಅಂಗಾಲಿನಿಂದ ನೆತ್ತಿಯವರೆಗೆ ಕಚಗುಳಿಯಾಯಿತು. ಫೋನ್ ನಿಂತಿತು. ಮತ್ತೆ ಬಾರಿಸಿತು, ಮತ್ತೆ ನಿಂತಿತು. ಅವನು ಅದನ್ನು ವಸ್ತ್ರದಲ್ಲಿ ಮೊದಲಿನ ಹಾಗೇ ಸುತ್ತಿ ಗೂಡಿನಲ್ಲಿಟ್ಟು, ಕಂಬಳಿ ಹೊದ್ದು, ಕಣ್ಣು ಮುಚ್ಚಿದ. ತಾಯಿ ತಂದ ಮಜ್ಜಿಗೆಗೆ ಜೀರಿಗೆ, ಕೊತ್ತಂಬರಿ ಹಾಕಿದ್ದಳು. ಎಷ್ಟು ರುಚಿಯಾಗಿತ್ತು ಎಂದರೆ ಇನ್ನೊಂದು ಲೋಟ ಕೇಳಿದ.

ಬಿಸಿಲು ಅಂಗಳದಿಂದ ಕಾಲು ತೆಗೆಯುವ ಹೊತ್ತಿಗೆ ಓಣಿಯಲ್ಲಿ ರಿಕ್ಷಾ ನಿಂತ ಸದ್ದಾಯಿತು. ಮೀನಾ ಓಡಿಯೇ ಬಂದಳು. ಕುಬಸಕ್ಕೆಂದು ಉಟ್ಟ ರೇಶ್ಮೆ ಸೀರೆ, ಮುಡಿಯಿಂದ ಅರ್ಧ ಜಾರಿದ ಮಲ್ಲಿಗೆ, ಗಲ್ಲದ ಮೇಲೆ ಯಾರೋ ಹಚ್ಚಿದ ಅರಿಷಿಣ ಕಣ್ಣೀರಿಗೆ ಕೊಚ್ಚಿ ಗೆರೆಗೆರೆಯಾಗಿತ್ತು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮೇಜಿನ ಕಡೆ ನೋಡಲಿಲ್ಲ. ಬಾಗಿಲಲ್ಲಿದ್ದ ದುಂಡಪ್ಪನನ್ನು ನೋಡಲಿಲ್ಲ, ಅತ್ತೆಯನ್ನೂ ನೋಡಲಿಲ್ಲ. ನೆಟ್ಟಗೆ ಕಾಟಿಗೆ ಬಂದು, ಅಷ್ಟೂ ಮಂದಿಯ ಎದುರಿಗೆ, ಹತ್ತು ಜನರಿದ್ದರೆ ಗಂಡನಿಗೆ ನೀರಿನ ಲೋಟವನ್ನು ಕೂಡ ಕೈಗೆ ಕೊಡದೆ ನೆಲಕ್ಕಿಡುವ ಮೀನಾ, ಎರಡೂ ಅಂಗೈಯಲ್ಲಿ ಅವನ ಮುಖ ಹಿಡಿದಳು. ಗದ್ದ ಮುಟ್ಟಿದಳು, ಕಿವಿ ಮುಟ್ಟಿದಳು, ಕೈಬೆರಳು ಒಂದೊಂದೇ ಮಡಚಿ ಬಿಡಿಸಿ ನೋಡಿದಳು. "ಅದೀರಿ?" ಎಂದಳು. "ಅದೀರಲ್ರೀ?" ಗೌರೀಶನ ಎದೆಯೊಳಗೆ ಬ್ಯಾಂಡು ಬಾರಿಸಿತು. ಗೆದ್ದೆ, ಎಂದುಕೊಂಡ. ಡಬ್ಬಿಯನ್ನು ಗೆದ್ದೆ! ಇಷ್ಟು ವರ್ಷ ಸಂಸಾರ ಮಾಡಿ, ಹೆಂಡತಿಗೆ ತಾನು ಬೇಕಾದವನು ಎಂದು ತಿಳಿಯಲು ಒಂದು ತಗಡಿನ ಪೆಟ್ಟಿಗೆಯೊಂದಿಗೆ ಕುಸ್ತಿ ಹಿಡಿಯಬೇಕಾಯಿತೇ ಎಂದು ನಗು ಬಂತು. ಕೂಡಲೇ, ಆಕೆಯ ಅರಿಷಿಣದ ಕಣ್ಣೀರು ತನ್ನ ಕೆನ್ನೆಯ ಮೇಲೆ ಹನಿದು, ಆ ನಗು ಹೊರಗೆ ಬರಲಿಲ್ಲ.

ಮಂದಿ ಒಬ್ಬೊಬ್ಬರಾಗಿ ಕರಗಿದರು. ಗುರುಬಸವ್ವ ಉಳ್ಳಾಗಡ್ಡಿಯನ್ನು ಅಲ್ಲೇ ಬಿಟ್ಟು ಹೋದಳು. ಚನ್ನವ್ವ ದೃಷ್ಟಿ ತೆಗೆಯಲೆಂದು ಉಪ್ಪು ಮೆಣಸಿನಕಾಯಿ ತರಲು ಒಳಗೆ ಹೋದಳು. ಮೀನಾ ಕಾಟಿನ ಅಂಚಿನಲ್ಲಿ ಕೂತಿದ್ದಳು. ಈಗ ಕೇಳುತ್ತಾಳೆ, ಎಂದು ಅವನು ಕಾದ. ಕೇಳಲಿಲ್ಲ. ಮೇಜು ಆಕೆಯ ಎದುರಿಗೇ ಇತ್ತು, ಬಿಚ್ಚಿದ ತಗಡು, ಕರಕಲು ವಾಸನೆ, ಎಲ್ಲವೂ ಇತ್ತು. ಆಕೆ ಅದನ್ನು ಕಂಡಳು. ಕಂಡು, ಕಣ್ಣು ಸರಿಸಿ, "ಹಾಲು ಕುಡೀತೀರೇನು?" ಎಂದಳು. ಬೈ, ಎಂದು ಅವನು ಮನಸ್ಸಿನಲ್ಲಿ ಬೇಡಿಕೊಂಡ. ಕೇಳು, ಬೈ, ಉಳ್ಳಾಗಡ್ಡಿ ಎತ್ತಿ ಹೊಡೆ. ಆಕೆ ಅವನ ಕಂಬಳಿ ಸರಿಮಾಡಿದಳು. ಅಷ್ಟೇ ಸಾಕಾಯಿತು, ಇವನು ಬಡಬಡಿಸಿದ.

"ಮೀನಾ, ಹನ್ನೆರಡು ವೋಲ್ಟ್. ನನಗ ಏನೂ ಆಗಿಲ್ಲ. ಆಗೂದೂ ಇದ್ದಿಲ್ಲ. ಕರಡಗಿ ಬಡಿದು ಕಿಡಿ ಹಾರ್ತು, ನಾ ಹೆದರಿ ಬಿದ್ನಿ. ನಗಿ ಬಂತು, ಇವ್ರು ಕರೆಂಟ್ ಅಂದ್ರು. ನಾ ಫ್ಯಾನ್ ಹಾಕಾಕ ಹೋಗಿದ್ನಿ, ನೀ ರಟ್ಟು ಬೀಸೂದು ತಪ್ಪಲಿ ಅಂತ. ನಕಲು ತಗದಿರಲಿಲ್ಲ. ಎಲ್ಲಾ ಹೋತು. ಬಹುಶಃ ಎಲ್ಲಾ."

ಮೀನಾ ಅವನನ್ನೇ ನೋಡಿದಳು. ಆಮೇಲೆ ಬೇರೆ ಯಾರದೋ ಸುದ್ದಿ ಹೇಳುವವಳ ಹಾಗೆ ಹೇಳತೊಡಗಿದಳು.

"ಸವದತ್ತಿ ಬಸ್‌ಸ್ಟ್ಯಾಂಡಿನ್ಯಾಗ ನಿಂತು ಎಲ್ಲವ್ವನ ಗುಡ್ಡದ ಕಡೆ ಮಾರಿ ಮಾಡಿ ಬೇಡಕೊಂಡ್ನಿ. ಬೇಡಕೊಳ್ಳೂದಂದ್ರ ಏನರ ಕೊಡಬೇಕಲ್ರಿ? ನನ್ನ ಕಡೆ ಏನೈತಿ? ಬಂಗಾರ ನಿಮ್ಮವ್ವಂದು, ಮನಿ ನಿಮ್ಮಪ್ಪಂದು. ನಂದಂತ ಇದ್ದದ್ದು ಆ ಡಬ್ಬಿ ಒಂದ. ಅದರಾಗಿಂದೆಲ್ಲಾ ತಗೋ ತಾಯಿ ಅಂದ್ನಿ. ಆನಿ ತಗೋ, ನವಿಲ ತಗೋ, ಗೋಪುರ ತಗೋ, ಇವ್ರೊಬ್ರನ್ನ ನನಗ ಬಿಡು ಅಂದ್ನಿ." ಆಕೆ ಮೇಜಿನ ಕಡೆ ಕೈ ಮಾಡಿದಳು. "ಕೊಟ್ಟಬಿಟ್ನಿ ಎಲ್ಲಾ. ಖುಷೀಲೆ ಕೊಟ್ನಿ. ಈಗ ನೋಡಿದ್ರ, ನೀವು ಫುಕಟ್ ಇದ್ರಿ!"

ಫುಕಟ್ ಎಂಬ ಮಾತು ಆಕೆಯ ಬಾಯಿಂದ ಬಿದ್ದದ್ದೇ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಯಾರ ಮೂಗು ಗುರ್ ಎಂದಿತೋ, ಇಬ್ಬರೂ ಬಿದ್ದು ಬಿದ್ದು ನಕ್ಕರು. ಮೀನಾ ಕಾಟಿನ ಕಾಲು ಹಿಡಿದುಕೊಂಡು ನಕ್ಕಳು. "ಫುಕಟ್," ಎಂದು ಅವನು ಅಂದರೆ, "ದುಡ್ಡಿಲ್ಲದ ಸಾಮಾನು," ಎಂದು ಆಕೆ ಅಂದಳು. "ಚೌಕಾಶಿ ಮಾಡಬೇಕಿತ್ತಲ್ಲ ನೀ!" ಎಂದ. "ಆನಿ ಒಂದು ಕೊಟ್ಟಿದ್ರೂ ಸಿಗತಿದ್ರಿ," ಎಂದಳು. ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಬಂದ ಚನ್ನವ್ವ ಬಾಗಿಲಲ್ಲೇ ನಿಂತಳು. "ಯಪ್ಪಾ ಶಿವನೇ! ಇಕಿಗೂ ಹತ್ತೇತಿ!" ಎಂದು, ಯಾರ ದೃಷ್ಟಿ ತೆಗೆಯಬೇಕೆಂದು ತಿಳಿಯದೆ, ಇಬ್ಬರಿಗೂ ಸೇರಿಸಿ ಮುಷ್ಟಿ ಇಳಿಸಿ, ಒಲೆಗೆ ಹಾಕಲು ಅವಸರವಸರವಾಗಿ ಒಳಗೆ ಓಡಿದಳು. ಒಳಗಿನಿಂದ ಮೆಣಸಿನಕಾಯಿಯ ಘಾಟು ಬಂತು. ಇಬ್ಬರೂ ಕೆಮ್ಮಿದರು, ಕೆಮ್ಮುತ್ತಲೇ ನಕ್ಕರು.

ನಗು ಇಳಿಯುತ್ತಿದ್ದ ಹಾಗೆ ಮೀನಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಣ್ಣೊರೆಸಿದ ಸೆರಗನ್ನು ಹಿಡಿದುಕೊಂಡೇ ಏನೋ ನೆನಪಾದವಳ ಹಾಗೆ ತಡೆದಳು.

"ನಾ ಫೋನ್ ಮಾಡೇ ಮಾಡಿದ್ನಿ. ಬಾರಿಸಿದ್ದು ನಿಮಗ ಕೇಳಲಿಲ್ಲೇನು?"

"ಕೇಳಿತು."

"ಎಲ್ಲಿತ್ತು ಫೋನು?"

ಅವ್ವ ಸುತ್ತಿ ಇಟ್ಟಿದ್ದಳು ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಮಂದಿ ಇದ್ದರು, ಕಂಬಳಿ ಇತ್ತು, ಅಂಗಾಲಿಗೆ ಉಳ್ಳಾಗಡ್ಡಿ ತಿಕ್ಕುತ್ತಿದ್ದರು. ಎಲ್ಲವೂ ನಾಲಿಗೆಯ ತುದಿಗೆ ಸಾಲುಗಟ್ಟಿ ಬಂದು ನಿಂತವು. ಆಕೆಯ ಗಲ್ಲದ ಮೇಲಿನ ಅರಿಷಿಣದ ಗೆರೆಗಳನ್ನು ನೋಡಿದ.

"ಕೈಯಾಗಿತ್ತು," ಎಂದ.

"ಮತ್ಯಾಕ ಎತ್ತಲಿಲ್ಲ?"

"ನೀ ಹೆಂಗ ಬರತಿ ನೋಡಬೇಕನಿಸ್ತು."

ಒಲೆಯಲ್ಲಿ ಉಪ್ಪು ಚಟಪಟ ಸಿಡಿಯುವುದು ಕೇಳುತ್ತಿತ್ತು. ಮೀನಾ ಚಪ್ಪಲಿಯಿಲ್ಲದ ತನ್ನ ಕಾಲನ್ನು ನೋಡಿಕೊಂಡಳು, ಹೆಬ್ಬೆರಳಿಗಂಟಿದ ಮಣ್ಣನ್ನು ಇನ್ನೊಂದು ಕಾಲಿನಿಂದ ಒರೆಸಿದಳು.

"ನೋಡಿದ್ರಿ?" ಎಂದಳು.

"ನೋಡಿದ್ನಿ."

"ಚಲೋತ್ನಾಗ ನೆನಪಿಟ್ಟುಕೊಳ್ರಿ," ಎಂದು ಎದ್ದು, ಮುಡಿಯಿಂದ ಜೋತುಬಿದ್ದಿದ್ದ ಮಲ್ಲಿಗೆಯನ್ನು ತೆಗೆದು ಕಾಟಿನ ಮೇಲಿಟ್ಟಳು. "ಇನ್ನೊಮ್ಮೆ ಹಂಗ ಬರಾಕ ಆಗೂದಿಲ್ಲ ನನಗ."